ಬಸ್ಸು ತುಂಬಿದ್ದರೂ ನಷ್ಟವೇಕೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಾಗಿಲವರೆಗೂ ಜನ ತುಂಬಿದ ನಗರ ಸಾರಿಗೆ ಬಸ್ಸನ್ನು ಕಂಡವರಿಗೆ, ಬೆಂಗಳೂರಿನ ಬಿಎಂಟಿಸಿಯಂಥ ದೊಡ್ಡ ಸಂಸ್ಥೆ ನಷ್ಟ ತೋರಿಸುವುದೇಕೆಂಬ ಪ್ರಶ್ನೆ ಸಹಜ.

1997ರ ಆಗಸ್ಟ್ 15ರಂದು ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟ ಈ ಸಂಸ್ಥೆಯ ವಾರ್ಷಿಕ ಸಾಧನೆಯನ್ನು ಪ್ರಯಾಣಿಕರ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ಬಂದ ಆದಾಯವನ್ನು, ಡೀಸೆಲ್, ಸಂಬಳ, ಬಿಡಿಭಾಗ, ಸಾಲದ ಬಡ್ಡಿಗಳೆಲ್ಲ ಸೇರಿ ತಗುಲಿದ ವೆಚ್ಚದ ಎದುರಿಗಿಟ್ಟು ನೋಡಬೇಕು. ಮುಂಜಾನೆ ಡಿಪೋದಿಂದ ಮೊದಲ ನಿಲ್ದಾಣಕ್ಕೆ ಖಾಲಿಯಾಗಿ ಹೋಗುವ ದೂರವೂ, ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸದೆ ನಿಂತ ಹೊತ್ತೂ ವೆಚ್ಚಕ್ಕೇ ಸೇರುತ್ತವೆ. ನಿರ್ವಾಹಕರು ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟ್ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯದು. ದುಡಿಯುವ ಹೆಣ್ಣುಮಕ್ಕಳಿಗೆ ಇದು ನಿಜವಾದ ಆಸರೆ ಎಂದೇ ನನ್ನ ನಂಬಿಕೆ; ಆದರೆ ಆ ಮೊತ್ತವನ್ನು ಸರ್ಕಾರ ತುಂಬಿಕೊಡಬೇಕಾದ್ದರಿಂದ, ಅದು ತಡವಾದಷ್ಟೂ ಸಂಸ್ಥೆಯ ಕೈ ಬಿಗಿಯಾಗುತ್ತದೆ.