ಪಾಮ್ ಜುಮೇರಾದಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುವುದು ಸರಿಯೇ?

ಹತ್ತು ವರ್ಷಗಳಿಂದ ದುಬೈನಲ್ಲಿ ಬಾಡಿಗೆ ಮನೆಯಲ್ಲಿರುವ ನೀವು, ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ನೆಲೆಸಲು, ಸಮುದ್ರದಲ್ಲಿ ಖರ್ಜೂರದ ಮರದ ಆಕಾರದಲ್ಲಿ ಕಟ್ಟಿದ ಪಾಮ್ ಜುಮೇರಾ ದ್ವೀಪದಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಕೊಳ್ಳಬಹುದೇ ಎಂದೂ, ಆ ದ್ವೀಪ ಮುಳುಗುತ್ತಿದೆ ಎಂಬ ಮಾತು ನಿಜವೇ ಎಂದೂ ಕೇಳಿದ್ದೀರಿ. ನಾನು ಆ ದ್ವೀಪದ ಕಾಂಡದ ಭಾಗದ ಕಟ್ಟಡವೊಂದರಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದೆ. ಅಲ್ಲಿಯೇ ಕೊಳ್ಳಬೇಕೆಂದು ಹೊರಟು, ವರ್ಷದ ಖರ್ಚನ್ನು ಬರೆದು ನೋಡಿದ ಮೇಲೆ ಹಿಂದೆ ಸರಿದೆ. ಆದ್ದರಿಂದ ಈ ಉತ್ತರದಲ್ಲಿ ಮನೆಯ ಬೆಲೆಗಿಂತ ಅದನ್ನು ಇಟ್ಟುಕೊಳ್ಳುವ ಖರ್ಚಿನ ಮಾತೇ ಹೆಚ್ಚಾಗಿದೆ.

ಮುಳುಗುವ ಭಯವನ್ನು ಮೊದಲು ಬದಿಗಿಡಿ. 2001ರಲ್ಲಿ ಕೆಲಸ ಆರಂಭವಾದಾಗ ಮರುಭೂಮಿಯ ಮರಳನ್ನು ಬಳಸಲಿಲ್ಲ. ಗಾಳಿಗೆ ಸವೆದು ನುಣುಪಾದ ಆ ಮರಳು ನೀರಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಸಮುದ್ರದ ತಳದಿಂದ ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ತೆಗೆದು ಸುರಿದು, ಯಂತ್ರಗಳಿಂದ ಒಳಗಿನಿಂದಲೇ ಕಂಪಿಸಿ ಬಿಗಿ ಮಾಡಿದ ನಂತರವೇ ಮನೆಗಳನ್ನು ಕಟ್ಟಿದರು. ಸುತ್ತಲಿನ ಸುಮಾರು 11 ಕಿಲೋಮೀಟರ್ ಉದ್ದದ ಅಲೆತಡೆಯನ್ನು ಮೊದಲು ಎಲ್ಲೂ ಬಿಡುವಿಲ್ಲದಂತೆ ಯೋಜಿಸಲಾಗಿತ್ತು. ಹಾಗೆ ಮಾಡಿದರೆ ಒಳಗಿನ ನೀರು ನಿಂತು ಕೆಡುತ್ತದೆ ಎಂದು ತಿಳಿದು, ಎರಡು ಕಡೆ ದಾರಿ ಬಿಟ್ಟರು. ಇಲ್ಲಿ ದಂಡೆ, ನೀರು, ನೆಲ ಯಾವುದೂ ತಾನಾಗಿ ಉಳಿಯುವಂಥದ್ದಲ್ಲ, ಎಲ್ಲಕ್ಕೂ ನಿರಂತರ ಆರೈಕೆ ಬೇಕು. ಉಪ್ಪಿನ ಗಾಳಿ ಬಾಲ್ಕನಿಯ ಕಂಬಿಯನ್ನೂ ಎಸಿಯ ಹೊರಭಾಗವನ್ನೂ ತಿನ್ನುವ ವೇಗ ಊರೊಳಗಿನ ಕಟ್ಟಡಗಳಲ್ಲಿ ಇರುವುದಿಲ್ಲ. ನನ್ನ ಬಾಲ್ಕನಿಯ ಬಾಗಿಲಿನ ಚಕ್ರಗಳನ್ನೇ ನಾಲ್ಕು ವರ್ಷದಲ್ಲಿ ಎರಡು ಬಾರಿ ಬದಲಿಸಬೇಕಾಯಿತು.

ಈ ಆರೈಕೆಯ ಖರ್ಚಿನಲ್ಲಿ ನಿಮ್ಮ ಪಾಲು ಸರ್ವಿಸ್ ಚಾರ್ಜ್ ಆಗಿ ಬರುತ್ತದೆ. ಅದನ್ನು ಚದರ ಅಡಿಯ ಲೆಕ್ಕದಲ್ಲಿ, ನೀವು ಮನೆಯಲ್ಲಿದ್ದರೂ ಬೀಗ ಹಾಕಿ ಊರಿಗೆ ಹೋದರೂ, ಪ್ರತಿ ವರ್ಷ ಕಟ್ಟಬೇಕು. ಲೆಕ್ಕ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಹೇಳುವುದಾದರೆ, 1,500 ಚದರ ಅಡಿಯ ಮನೆಗೆ ಚದರ ಅಡಿಗೆ 18 ದಿರ್ಹಮ್ ಎಂದು ಹಿಡಿದರೂ ವರ್ಷಕ್ಕೆ 27,000 ದಿರ್ಹಮ್ ಆಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಈ ದರ ಬಹಳ ವ್ಯತ್ಯಾಸವಾಗುವುದರಿಂದ ಮಧ್ಯವರ್ತಿಯ ಬಾಯಿಮಾತನ್ನು ನಂಬದೆ, ದುಬೈ ಭೂ ಇಲಾಖೆಯ ಸರ್ವಿಸ್ ಚಾರ್ಜ್ ಸೂಚ್ಯಂಕದಲ್ಲಿ ನಿಮ್ಮ ಕಟ್ಟಡದ ಅನುಮೋದಿತ ದರವನ್ನು ನೀವೇ ನೋಡಿಕೊಳ್ಳಿ; ಕಳೆದ ಮೂರು ವರ್ಷಗಳ ಬಿಲ್ಲುಗಳನ್ನು ಮಾರುವವರಿಂದ ಕೇಳಿ ಪಡೆಯಿರಿ. ಎಲ್ಲ ಮನೆಗಳಿಗೂ ಒಂದೇ ಕಡೆಯಿಂದ ತಂಪು ಒದಗಿಸುವ ಕೇಂದ್ರೀಕೃತ ಚಿಲ್ಲರ್ ಇರುವ ಕಟ್ಟಡವಾದರೆ, ಬಳಸಿದ ತಂಪಿನ ಶುಲ್ಕದ ಜೊತೆಗೆ ಸಾಮರ್ಥ್ಯದ ಮೇಲಿನ ಸ್ಥಿರ ಶುಲ್ಕವೂ ಇರುತ್ತದೆಯೇ, ಅದನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ಕೇಳಿ. ನಾನು ಹಿಂದೆ ಸರಿದದ್ದು ಸರ್ವಿಸ್ ಚಾರ್ಜ್ ಮತ್ತು ತಂಪಿನ ಶುಲ್ಕ ಎಂಬ ಈ ಎರಡು ಸಾಲುಗಳನ್ನು ಕೂಡಿಸಿದಾಗ.

ಕಾನೂನಿನ ವಿಷಯದಲ್ಲಿ ಅಷ್ಟು ಚಿಂತೆಯಿಲ್ಲ. 2006ರ ಆಸ್ತಿ ನೋಂದಣಿ ಕಾನೂನಿನ ನಂತರ ನಿಗದಿತ ಪ್ರದೇಶಗಳಲ್ಲಿ ವಿದೇಶಿಯರೂ ಪೂರ್ಣ ಮಾಲೀಕರಾಗಬಹುದು, ಪಾಮ್ ಜುಮೇರಾ ಅವುಗಳಲ್ಲೊಂದು. ವರ್ಗಾವಣೆ ಶುಲ್ಕ ಶೇಕಡಾ 4. ಆಸ್ತಿಯ ಮೌಲ್ಯ 20 ಲಕ್ಷ ದಿರ್ಹಮ್ ಮುಟ್ಟಿದರೆ ದೀರ್ಘಾವಧಿ ವಾಸದ ಪರವಾನಗಿಯಾದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಬಹುದು. ಒಂದು ಮಾತು ಮಾತ್ರ ಮರೆಯಬೇಡಿ: ಮನೆಯಲ್ಲಿ ಬಾಡಿಗೆದಾರರಿದ್ದರೆ, ನೀವೇ ವಾಸಿಸಲು ಬರುವುದಕ್ಕೂ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ 12 ತಿಂಗಳ ಮುನ್ಸೂಚನೆ ಕೊಡಬೇಕು. ಮಕ್ಕಳ ಶಾಲೆಯ ವರ್ಷಕ್ಕೆ ಹೊಂದಿಸಿಕೊಳ್ಳುವವರಿಗೆ ಇದು ದೊಡ್ಡ ವಿಷಯ.

ದ್ವೀಪದ ಯಾವ ಭಾಗ ಎಂಬುದು ದರದಷ್ಟೇ ಮುಖ್ಯ. ಮರದ ಗರಿಗಳಂತೆ ಚಾಚಿದ ಭಾಗಗಳ ಮೇಲಿರುವ ವಿಲ್ಲಾಗಳಿಗೆ ಸ್ವಂತ ದಂಡೆ ಇದೆ. ಕಾಂಡದ ಒಳಬದಿಯ ಕೆಲವು ಕಟ್ಟಡಗಳಿಂದ ಸಮುದ್ರಕ್ಕೆ ನೇರ ದಾರಿಯೇ ಇಲ್ಲ. ಪಶ್ಚಿಮ ದಂಡೆಯ ಉದ್ದಕ್ಕೂ ಹೋಟೆಲು, ಸಂಗೀತ, ರಾತ್ರಿಯ ಜನಸಂದಣಿ ಇರುತ್ತದೆ, ಹಲವು ಕಟ್ಟಡಗಳಲ್ಲಿ ನೆರೆಯ ಮನೆಗಳೇ ಪ್ರವಾಸಿಗರಿಗೆ ದಿನಬಾಡಿಗೆಗೆ ಹೋಗುತ್ತವೆ. ನಮ್ಮ ಮಹಡಿಯಲ್ಲಿ ವಾರಕ್ಕೊಮ್ಮೆ ಹೊಸ ಮುಖಗಳು ಕಾಣುತ್ತಿದ್ದವು. ನನ್ನ ಮಗಳಿಗೆ ಅಲ್ಲಿ ಆಟದ ಜೊತೆಗಾರರು ಸಿಕ್ಕಲೇ ಇಲ್ಲ. ನಿಮಗೂ ಮಕ್ಕಳಿರುವುದರಿಂದ ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ಊರಿನಿಂದ ದ್ವೀಪಕ್ಕೆ ಹೋಗುವ ವಾಹನಗಳೆಲ್ಲ ಕಾಂಡದ ಮೇಲಿನ ಒಂದೇ ಹೆದ್ದಾರಿಯನ್ನು ಹಿಡಿಯಬೇಕು. 2009ರಲ್ಲಿ ಬಂದ ಮಾನೊರೈಲು ಅಟ್ಲಾಂಟಿಸ್ ಹೋಟೆಲ್ ತನಕ ಹೋಗುತ್ತದೆ, ಆದರೆ ದಿನನಿತ್ಯದ ಕಚೇರಿ ಓಡಾಟಕ್ಕೆ ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ಮುಂಗಡ ಕೊಡುವ ಮೊದಲು, ನೀವು ಮೆಚ್ಚಿದ ಕಟ್ಟಡದಲ್ಲಿಯೇ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಅದು ಸಾಧ್ಯವಿಲ್ಲದಿದ್ದರೆ, ಶನಿವಾರ ಸಂಜೆ ಏಳಕ್ಕೆ ಕುಟುಂಬದೊಂದಿಗೆ ಕಾರಿನಲ್ಲಿ ಅಲ್ಲಿಗೆ ಹೋಗಿ, ಮರಳಿ ಬನ್ನಿ.