ಅಂಗಳದಲ್ಲಿ ಕಡಿದ ತೆಂಗಿನ ಮರದ ಹಳೆ ಬೊಡ್ಡೆ ಹಾಗೇ ಬಿಟ್ಟರೆ ಏನಾಗುತ್ತದೆ? ತೆಗೆಸಲೇಬೇಕಾ?

ಕುಮಟಾ, ಹೊನ್ನಾವರ ಕಡೆಯ ಮನೆಯಾದರೆ ಖಂಡಿತ ತೆಗೆಸಿ. ಸುತ್ತ ತೆಂಗು, ಅಡಿಕೆ ಇದ್ದೇ ಇರುತ್ತದೆ ಅಲ್ವಾ?

ಮೊದಲ ಭಯ ಕೊಂಬಿನ ದುಂಬಿಯದು. ಕೊಳೆಯುವ ತೆಂಗಿನ ಬೊಡ್ಡೆಯಲ್ಲಿ, ಗೊಬ್ಬರ ಗುಂಡಿಯಲ್ಲಿ ಅದು ಮೊಟ್ಟೆ ಇಡುತ್ತದೆ. ಬಿಳಿ ದಪ್ಪ ಹುಳು ಅಲ್ಲೇ ಬೆಳೆಯುತ್ತದೆ. ದುಂಬಿಯಾದ ಮೇಲೆ ಪಕ್ಕದ ತೆಂಗಿನ ಸುಳಿ ಕೊರೆಯುತ್ತದೆ. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಂಡರೆ ಇದರದ್ದೇ ಕೆಲಸ. ನೀವು ಔಷಧಿ ಹಾಕುತ್ತಾ ಇರುತ್ತೀರಿ, ಹುಳು ಮಾತ್ರ ಅಂಗಳದಲ್ಲೇ ಹುಟ್ಟುತ್ತಾ ಇರುತ್ತದೆ.

ಎರಡನೆಯದು ಅಣಬೆ ರೋಗ. ಮರ ಸತ್ತದ್ದು ಇದರಿಂದಲೇ ಆದರೆ ಸ್ವಲ್ಪವೂ ತಡ ಮಾಡಬೇಡಿ. ಶಿಲೀಂಧ್ರ ಸತ್ತ ಬೇರಿನಲ್ಲೇ ಉಳಿದು, ಬೇರಿನಿಂದ ಬೇರಿಗೆ ದಾಟಿ ಅಡಿಕೆಗೂ ಬರುತ್ತದೆ. ಬೇರು ಸಮೇತ ಅಗೆದು ಅಲ್ಲೇ ಸುಡಬೇಕು.

ಗೆದ್ದಲು ಗೊತ್ತೇ ಇದೆ. ಗೋಡೆ ಹತ್ತಿರವಿದ್ದರೆ ಮಾಡಿನ ಮರದ ಪಕಾಸಿನವರೆಗೂ ಹತ್ತಬಹುದು. ಪೊಟರೆಯಲ್ಲಿ ಮಳೆನೀರು ನಿಂತರೆ ಸೊಳ್ಳೆ ಬೇರೆ.

ಒಂದು ಮಾತು: ಬೊಡ್ಡೆ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿದ್ದರೆ ಮಳೆಗಾಲದಲ್ಲಿ ಕೀಳಬೇಡಿ, ಮಣ್ಣು ಕುಸಿಯುತ್ತದೆ. ಬೇಸಿಗೆಯಲ್ಲಿ ತೆಗೆಸಿ, ಗುಂಡಿಗೆ ಮಣ್ಣು ತುಂಬಿ ಚೆನ್ನಾಗಿ ಧಮ್ಮಸ್ ಮಾಡಿಸಿ, ಅಂದರೆ ಬಡಿದು ಗಟ್ಟಿ ಮಾಡಿಸಿ.