ಸಂಪಾದಕರ ಉತ್ತರ: ಬ್ಲ್ಯಾಕ್ ಸಬ್ಬತ್, ವಿಮರ್ಶಕರು ಮತ್ತು ಭದ್ರಾವತಿಯ ಒಬ್ಬ ಅಭಿಮಾನಿ

ಮಾನ್ಯರೇ,

ನಮಸ್ಕಾರ. ಭದ್ರಾವತಿಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಆಗುತ್ತಿಲ್ಲವಾದ್ದರಿಂದ, ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ತಿಳಿಸುತ್ತೇನೆ. ಗಾಯಕ ಓಝಿ ಆಸ್ಬೋರ್ನ್ ಅವರು 2025ರ ಜುಲೈ 22ರಂದು ತೀರಿಕೊಂಡ ಮೇಲೆ ನಮ್ಮ ಸಂಗೀತ ಅಂಕಣದಲ್ಲಿ ಬಂದ ಬರಹವು, ಅವರು ಹಾಡುತ್ತಿದ್ದ ಇಂಗ್ಲೆಂಡಿನ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ಹಾಡುಗಳನ್ನು ‘ಎರಡು ಮೂರು ಸ್ವರಗಳ ಗದ್ದಲ’ ಎಂದು ಕರೆದು, 1970ರ ಸುಮಾರಿನ ವಿದೇಶಿ ವಿಮರ್ಶೆಗಳನ್ನು ಅದಕ್ಕೆ ಆಧಾರವಾಗಿ ಕೊಟ್ಟಿತ್ತು. ಕೋಟಿಗಟ್ಟಲೆ ಜನ ಕೊಂಡು ಕೇಳಿದ ಸಂಗೀತವನ್ನು ತೆಗಳಲು, ಗಿಟಾರನ್ನು ಕೈಯಲ್ಲೂ ಹಿಡಿಯದ ಪತ್ರಕರ್ತರಿಗೆ ಏನು ಅಧಿಕಾರ ಎಂದು ನೀವು ಕೇಳಿದ್ದೀರಿ. ಈ ತಂಡವನ್ನು ಮೆಚ್ಚದವರಿಂದ ಇನ್ನು ಮುಂದೆ ಅದರ ಬಗ್ಗೆ ಬರೆಸಕೂಡದು ಎಂದೂ ಒತ್ತಾಯಿಸಿದ್ದೀರಿ. ಇವೆರಡರ ನಡುವೆ, ತಂದೆಯವರು ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ, ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದ ನೀವು ಸ್ನೇಹಿತರೊಬ್ಬರ ನಕಲು ಕ್ಯಾಸೆಟ್ಟಿನಲ್ಲಿ ಈ ತಂಡವನ್ನು ಮೊದಲು ಕೇಳಿದ್ದನ್ನು ವಿವರಿಸಿದ್ದೀರಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂಡ ನನಗೂ ತುಂಬ ಇಷ್ಟ. ಅಂಕಣಕಾರರ ಅಭಿರುಚಿ ಅವರದು, ಅದನ್ನು ತಿದ್ದುವುದು ಸಂಪಾದಕನ ಕೆಲಸವಲ್ಲ. ಆದರೆ ಅವರು ಕೊಟ್ಟ ಸಾಕ್ಷಿಯ ಬಗ್ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದು, ಮತ್ತು ಅದಕ್ಕೆ ಕಾರಣ ನೀವು ಬರೆದಿರುವುದಕ್ಕಿಂತಲೂ ಬಲವಾಗಿದೆ.

ತಂಡದ ಮೊದಲ ಆಲ್ಬಮ್ 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಣಗೊಂಡು, 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾಯಿತು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದ ಲೆಸ್ಟರ್ ಬ್ಯಾಂಗ್ಸ್, ಇದು ಆಗ ಹೆಸರಾಗಿದ್ದ ಕ್ರೀಮ್ ತಂಡದಂತೆಯೇ ಇದೆ, ಆದರೆ ಅದಕ್ಕಿಂತ ಕಳಪೆ ಎಂದು ತಳ್ಳಿಹಾಕಿದರು. ನಮ್ಮ ಅಂಕಣಕಾರರು ಎತ್ತಿಕೊಂಡದ್ದು ಈ ಮಾತನ್ನೇ. ಆದರೆ ಇದೇ ಬ್ಯಾಂಗ್ಸ್ 1972ರಲ್ಲಿ ಇನ್ನೊಂದು ರಾಕ್ ಪತ್ರಿಕೆಯಲ್ಲಿ ಎರಡು ಕಂತುಗಳ ದೀರ್ಘ ಲೇಖನ ಬರೆದು, ಈ ತಂಡದ ಹಾಡುಗಳ ಹಿಂದೆ ಗಂಭೀರವಾದ ನೈತಿಕ ಕಾಳಜಿಯಿದೆ ಎಂದು ವಾದಿಸಿದರು. ಮೊದಲ ತೀರ್ಪನ್ನು ಉಲ್ಲೇಖಿಸುವವರು ಎರಡನೆಯದನ್ನು ಬಿಡುವುದು ಸರಿಯಲ್ಲ. ಎರಡು ವರ್ಷಗಳಲ್ಲಿ ತಂಡದ ಜೊತೆಗೆ ಆ ವಿಮರ್ಶಕರ ಕಿವಿಯೂ ಬೆಳೆದಿತ್ತು.

ಮೊದಲ ಆಲ್ಬಮ್ಮಿನ ವಿಮರ್ಶೆ ಎಡವಿದ್ದು ಎಲ್ಲಿ ಎಂದು ನನ್ನನ್ನು ಕೇಳಿದರೆ, ಮೆಚ್ಚದೇ ಇದ್ದದ್ದರಲ್ಲಿ ಅಲ್ಲ. ಬೇರೆ ತಂಡದ ಅಳತೆಗೋಲು ಹಿಡಿದು ಅಳೆದದ್ದರಲ್ಲಿ. ಕ್ರೀಮ್ ತಂಡದವರು ಬ್ಲೂಸ್ ಸಂಗೀತವನ್ನು ವೇಗವಾಗಿ, ಚಾತುರ್ಯದಿಂದ ವಿಸ್ತರಿಸುತ್ತಿದ್ದರು. ಬ್ಲ್ಯಾಕ್ ಸಬ್ಬತ್‌ನ ನಾಲ್ವರಿಗೆ ಬೇಕಿದ್ದದ್ದು ಭಾರ ಮತ್ತು ನಿಧಾನ. ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನೇ ಕೇಳಿ. ಮಳೆ ಸುರಿಯುವ ಶಬ್ದ, ದೂರದಲ್ಲಿ ಚರ್ಚಿನ ಗಂಟೆ, ಆಮೇಲೆ ಗಿಟಾರ್. ಅದು ನುಡಿಸುವ ಮುಖ್ಯ ಸ್ವರಗಳು ಮೂರು ಎಂಬುದು ನಿಜ, ಅಂಕಣಕಾರರ ಎಣಿಕೆ ತಪ್ಪಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅದರ ಮೇಲಿನ ತಾರ ಷಡ್ಜ, ಅಲ್ಲಿಂದ ಕೆಳಗಿಳಿದು ಪ್ರತಿಮಧ್ಯಮ. ಕಲ್ಯಾಣಿಯನ್ನೋ ಪಂತುವರಾಳಿಯನ್ನೋ ಕೇಳಿ ಬೆಳೆದ ನಮ್ಮ ಕಿವಿಗೆ ಪ್ರತಿಮಧ್ಯಮ ಹೊಸದಲ್ಲ. ಅದು ಪಂಚಮದ ಕಡೆಗೆ ವಾಲುವ ಸ್ವರ, ಅಲ್ಲಿಗೆ ಹೋಗಿ ಸೇರುತ್ತದೆ ಎಂಬ ಭರವಸೆಯಲ್ಲೇ ನಾವು ಅದನ್ನು ಕೇಳುತ್ತೇವೆ. ಟೋನಿ ಅಯೋಮಿ ಅವರ ಗಿಟಾರ್ ಆ ಸ್ವರದ ಮೇಲೆ ನಡುಗುತ್ತ ನಿಲ್ಲುತ್ತದೆ, ಪಂಚಮವನ್ನು ತಾಕಿದಂತೆ ಮಾಡಿದರೂ ಅಲ್ಲಿ ನೆಲೆಯೂರದೆ ಮತ್ತೆ ಷಡ್ಜಕ್ಕೆ ಬೀಳುತ್ತದೆ. ಹಾಡು ಹುಟ್ಟಿಸುವ ಭಯವೆಲ್ಲ ಇರುವುದು ಆ ತಡೆಹಿಡಿದ ನಡೆಯಲ್ಲಿ. ಅಷ್ಟಕ್ಕೆ ಮೂರು ಸ್ವರ ಸಾಕಾಯಿತು ಎಂಬುದು ನನ್ನ ಮಟ್ಟಿಗೆ ಹೊಗಳಿಕೆಯ ಮಾತು.

ಆ ಭಾರದ ನಾದ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು, ಏಕೆಂದರೆ ‘ಒರಟುತನ’ ಎಂಬ ಆರೋಪಕ್ಕೆ ಉತ್ತರ ಅಲ್ಲಿಯೇ ಇದೆ. ಅಯೋಮಿ ಬರ್ಮಿಂಗ್‌ಹ್ಯಾಮಿನ ಒಂದು ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹದಿನೇಳರ ವಯಸ್ಸಿನಲ್ಲಿ, ಕೆಲಸ ಬಿಟ್ಟು ಸಂಗೀತಕ್ಕೆ ಹೊರಡಬೇಕಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ. ಎರಡು ಬೆರಳು ಸುಟ್ಟುಹೋದ ಮೇಲೂ ನುಡಿಸಿದ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಕೇಳಿಸಿದ ನಂತರ ಅಯೋಮಿ ಮತ್ತೆ ಗಿಟಾರ್ ಹಿಡಿದರು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತಂತಿ ಜಾರದಂತೆ ಅದರ ಮೇಲೆ ತೊಗಲು ಅಂಟಿಸಿದರು. ತೆಳ್ಳನೆಯ ತಂತಿ ಹಾಕಿದರು. 1971ರ ಆಲ್ಬಮ್ಮಿನ ಕೆಲವು ಹಾಡುಗಳಿಗಾಗಿ ಗಿಟಾರಿನ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಇಳಿಸಿದರು. ತಂತಿ ಸಡಿಲವಾದರೆ ಬೆರಳಿಗೆ ನೋವು ಕಡಿಮೆ, ನಾದ ಮಾತ್ರ ಇನ್ನಷ್ಟು ತಗ್ಗಿ ದಪ್ಪವಾಗುತ್ತದೆ. ಬಾಸ್ ನುಡಿಸುವ ಗೀಜರ್ ಬಟ್ಲರ್ ಕೂಡ ತಮ್ಮ ವಾದ್ಯವನ್ನು ಅದಕ್ಕೆ ಹೊಂದಿಸಿಕೊಂಡರು. ಮುಂದೆ ಹೆವಿ ಮೆಟಲ್ ಎಂಬ ಭಾರವಾದ ರಾಕ್ ಶೈಲಿಯನ್ನು ನುಡಿಸಿದ ಎಷ್ಟೋ ತಂಡಗಳು ಶ್ರುತಿ ಇಳಿಸಿ ನುಡಿಸುವ ಪದ್ಧತಿಯನ್ನು ಇವರಿಂದಲೇ ಕಲಿತವು. ಇಷ್ಟು ಎಚ್ಚರದಿಂದ ಕಟ್ಟಿಕೊಂಡ ನಾದವನ್ನು ಗದ್ದಲ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಸೈತಾನನ ಪೂಜಕರು ಎಂಬ ಹಳೆಯ ಆರೋಪಕ್ಕೆ ಹೆಚ್ಚು ಜಾಗ ಬೇಕಿಲ್ಲ. ಮೊದಲ ಆಲ್ಬಮ್ಮಿನ ಹೊದಿಕೆಯ ಒಳಭಾಗದಲ್ಲಿದ್ದ ತಲೆಕೆಳಗಾದ ಶಿಲುಬೆಯನ್ನು ಹಾಕಿಸಿದ್ದು ಕಂಪನಿಯವರು, ತಂಡದವರನ್ನು ಕೇಳದೆ. ಹಾಡುಗಳ ಸಾಹಿತ್ಯವನ್ನು ಬಹುಪಾಲು ಬರೆದ ಬಟ್ಲರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು, ಮತ್ತು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅವರು ಬರೆದದ್ದು ಬಡವರ ಮಕ್ಕಳನ್ನು ರಣರಂಗಕ್ಕೆ ಅಟ್ಟುವ ಸೇನಾಧಿಪತಿಗಳ ವಿರುದ್ಧ.

ಇನ್ನು ನಿಮ್ಮ ವಾದದಲ್ಲಿ ನಾನು ಒಪ್ಪದ ಭಾಗಕ್ಕೆ ಬರುತ್ತೇನೆ. ಎಷ್ಟು ಪ್ರತಿ ಮಾರಾಟವಾಯಿತು ಎಂಬುದು ಸಂಗೀತದ ಗುಣಕ್ಕೆ ಪುರಾವೆಯಾಗದು. ಆ ವಾದವನ್ನು ಹಿಡಿದರೆ ನಾಳೆ ಇನ್ನೂ ಹೆಚ್ಚು ಮಾರಾಟವಾದ ಯಾವುದೋ ಹಾಡಿನ ಮುಂದೆ ನಾವಿಬ್ಬರೂ ತಲೆಬಾಗಬೇಕಾಗುತ್ತದೆ, ಅದಕ್ಕೆ ನೀವು ಖಂಡಿತ ಒಪ್ಪುವುದಿಲ್ಲ. ಗಿಟಾರ್ ಹಿಡಿದವರೇ ಬರೆಯಬೇಕು ಎಂಬ ಮಾತೂ ಹಾಗೆಯೇ; ನೀವೂ ನಾನೂ ಕೇಳುಗರಾಗಿಯೇ ಈ ತಂಡವನ್ನು ಪ್ರೀತಿಸಿದವರು. ನಮ್ಮ ಪ್ರೀತಿಗೆ ವಾದ್ಯ ಬೇಕಾಗಿಲ್ಲ ಎಂದಮೇಲೆ ಇನ್ನೊಬ್ಬರ ಅಸಮಾಧಾನಕ್ಕೂ ಬೇಕಾಗಿಲ್ಲ.

ಅಭಿಮಾನಿಗಳೇ ತೀರ್ಪುಗಾರರು ಎಂಬ ನಿಮ್ಮ ಮಾತನ್ನು ಓಝಿಯವರೂ ಆಡಿದ್ದರು. 1999ರಲ್ಲಿ ಅವರು ಹೆಸರಾಂತ ರಾಕ್ ಕಲಾವಿದರಿಗೆ ಗೌರವದ ಸ್ಥಾನ ಕೊಡುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಗೆ ಪತ್ರ ಬರೆದು, ಅಭಿಮಾನಿಗಳು ಮತ ಹಾಕದ ಗೌರವಕ್ಕೆ ಅರ್ಥವಿಲ್ಲ, ನಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದು ಕೇಳಿದ್ದರು. 2006ರಲ್ಲಿ ಆ ಸಂಸ್ಥೆ ತಂಡಕ್ಕೆ ಸ್ಥಾನ ಕೊಟ್ಟಿತು. ಅಂದು ಅವರನ್ನು ಸಭೆಗೆ ಪರಿಚಯಿಸಿ ಮಾತನಾಡಿದವರು ಅಮೆರಿಕದ ಹೆವಿ ಮೆಟಲ್ ತಂಡವಾದ ಮೆಟಾಲಿಕಾದವರು. ಒಬ್ಬ ಕಲಾವಿದನ ನೋವಾಗಿ ಓಝಿಯವರ ಮಾತು ನನಗೆ ಅರ್ಥವಾಗುತ್ತದೆ. ಪತ್ರಿಕೆ ನಡೆಸುವವನಿಗೆ ಅದು ನಿಯಮವಾಗಲಾರದು.

ಮೆಚ್ಚದವರಿಂದ ಬರೆಸಬೇಡಿ ಎಂಬ ಒತ್ತಾಯವನ್ನು ಇದೇ ಕಾರಣಕ್ಕೆ ನಡೆಸಿಕೊಡಲಾರೆ. ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ, ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ, ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಕುಳಿತು ಚರ್ಚಿಸುವ ರೂಢಿಯಿದೆ. ಅಲ್ಲಿ ನಾಟಕ ಹಿಡಿಸದವರೂ ಎದ್ದು ಮಾತನಾಡುತ್ತಾರೆ, ನಿರ್ದೇಶಕರು ಎದುರಿಗೇ ಕುಳಿತಿದ್ದರೂ. ಯಾವ ದೃಶ್ಯ, ಯಾವ ಮಾತು, ಏಕೆ ಹಿಡಿಸಲಿಲ್ಲ ಎಂದು ಹೇಳಬೇಕು, ಅಷ್ಟೆ. ನಮ್ಮ ಅಂಕಣಕಾರರಿಂದ ನಾನು ಕೇಳುವುದೂ ಇಷ್ಟನ್ನೇ. ಈ ತಂಡದ ಬಗ್ಗೆ ಅವರು ಮತ್ತೆ ಬರೆಯುವುದಾದರೆ ಯಾವ ಹಾಡನ್ನು ಕೇಳಿ ಬರೆದದ್ದು ಎಂಬುದನ್ನು ಹೆಸರಿಸುವಂತೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.

ನಿಮ್ಮಿಂದಲೂ ಒಂದು ಬರಹ ಬೇಕು. ಸಿಟ್ಟಿನ ಪುಟಗಳ ನಡುವೆ ನೀವು ಒಂದು ಕಡೆ, ಬಿಲ್ ವಾರ್ಡ್ ಅವರ ಡ್ರಮ್ ಗಿಟಾರಿನ ಹಿಂದೆ ತಾಳ ಹಾಕುತ್ತ ಕೂರುವುದಿಲ್ಲ, ಅದರ ಪ್ರತಿ ಸಾಲಿಗೂ ಎದುರುತ್ತರ ಕೊಡುತ್ತದೆ, ಕಾರ್ಖಾನೆಯ ಸದ್ದಿನ ನಡುವೆ ಬೆಳೆದ ತಮಗೆ ಅದು ಮೊದಲ ಸಲವೇ ಹಿಡಿಸಿತು ಎಂದು ಬರೆದಿದ್ದೀರಿ. ಜೀನ್ ಕ್ರುಪಾ, ಬಡ್ಡಿ ರಿಚ್ ಅವರಂಥ ಜಾಝ್ ವಾದಕರನ್ನು ಮೆಚ್ಚಿ ಕಲಿತ ಕೈ ವಾರ್ಡ್ ಅವರದು. ಇದನ್ನು ಈ ತಂಡದ ಬಗ್ಗೆ ಇನ್ನೂ ಕನ್ನಡದಲ್ಲಿ ಓದದವರಿಗೆ ವಿಸ್ತಾರವಾಗಿ ತಿಳಿಸಬೇಕು, ಮೂರು ನಾಲ್ಕು ಹಾಡುಗಳನ್ನು ಎತ್ತಿಕೊಂಡು, ಎಲ್ಲಿ ಏನು ಕೇಳಿಸಿಕೊಳ್ಳಬೇಕು ಎಂದು ತೋರಿಸಿ. ಬರಹ ಈ ತಿಂಗಳ ಇಪ್ಪತ್ತರೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಪ್ರಕಟಿಸುತ್ತೇನೆ. ಅಂಕಣಕಾರರ ಪ್ರತಿಕ್ರಿಯೆ ಇದ್ದರೆ ಅದು ಅದರ ಪಕ್ಕದ ಪುಟದಲ್ಲಿ ಬರುತ್ತದೆ.

ಇತಿ,
ಸಂಪಾದಕ